ಸರ್ದಾರನ ಲೆಕ್ಕದ ಪುಸ್ತಕ

ಮಾನವ ಸಾಗಾಣಿಕೆ ಬಗ್ಗೆ ಕಾದಂಬರಿ ಬರೀತಿದ್ದೀನಿ ಅಂದಾಗ ಜಾಸ್ತಿ ಜನ ಕೇಳಿದ್ದು ವಿಲನ್ ಬಗ್ಗೆಯೇ. ನನ್ನ ವಿಲನ್ ಒಬ್ಬ ಸರ್ದಾರ, ಅಂದರೆ ಗೂಡುಗಳಿಗೆ ಕೂಲಿಯವರನ್ನು ಒದಗಿಸೋ ದಲ್ಲಾಳಿ. ಒಡಿಶಾದ ಬಲಾಂಗೀರ್ ಕಡೆಯವನು. ನುವಾಖಾಯಿ ಹಬ್ಬ ಮುಗಿದ ಮೇಲೆ ಹಳ್ಳಿ ಹಳ್ಳಿ ತಿರುಗಿ ಮುಂಗಡ ಹಂಚುತ್ತಾನೆ. ಕಾಂಟಾಬಾಂಜಿ ಸ್ಟೇಷನ್ನಿನಲ್ಲಿ ಜನರನ್ನು ರೈಲು ಹತ್ತಿಸಿ ತೆಲಂಗಾಣಕ್ಕೆ, ನಮ್ಮ ಕಡೆಗೆ, ಇಟ್ಟಿಗೆ ಗೂಡುಗಳಿಗೆ ಸಾಗಿಸುತ್ತಾನೆ.

ಚಾಟಿ, ಕೆಂಗಣ್ಣು ಯಾವುದೂ ಅವನಿಗೆ ಬೇಕಾಗಲಿಲ್ಲ. ಮೊದಲು ಅವನ ಲೆಕ್ಕದ ಪುಸ್ತಕ ಬರೆದೆ. ಅವನ ಬಾಯಿಗೆ ಮಾತು ಬಂದದ್ದು ಆಮೇಲೆ. ಒಂದು ಪುಟ ಹೀಗಿದೆ: ಮುಂಗಡ, ರೈಲು ಚಾರ್ಜು, ಅಕ್ಕಿ. ಮಗೂಗೆ ಜ್ವರ, ಮಾತ್ರೆ 180. ಮಳೆಗೆ ಕರಗಿದ ಹಸಿ ಇಟ್ಟಿಗೆ 600, ಕಟ್. ಮಾತ್ರೆಗೆ ಅವನು ಕೊಟ್ಟದ್ದು 40 ರೂಪಾಯಿ. ಕೇಳಿದರೆ, "ನಾನಿಲ್ದಿದ್ರೆ ಮಗು ಉಳೀತಿತ್ತಾ?" ಅಂತಾನೆ. ಮಳೆ ಬಂದರೂ ಸಾಲ ಏರಬೇಕು, ಅಷ್ಟೇ ಅವನ ಆಸೆ.

ಕಾನೂನನ್ನೂ ಅವನ ಕಣ್ಣಿನಿಂದಲೇ ಓದಿದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಲ್ಲಿ ಜೀತಕ್ಕಿಟ್ಟುಕೊಂಡವರಿಗೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಒಂದು ಕುಟುಂಬಕ್ಕೆ ಅವನು ಕೊಡೋ ಮುಂಗಡಕ್ಕಿಂತ ಎಷ್ಟೋ ಕಡಿಮೆ! ಕಾದಂಬರಿಯಲ್ಲಿ ವಕೀಲರ ಬಾಯಲ್ಲಿ ಇದನ್ನು ಕೇಳಿದವನೇ 2,000ವನ್ನು ಖರ್ಚಿನ ಕಡೆ ಬರೆದುಕೊಳ್ಳುತ್ತಾನೆ. ಅವನಿಗೆ ಗೊತ್ತಿಲ್ಲದ್ದು ಭಾರತೀಯ ದಂಡ ಸಂಹಿತೆಯ (ಐಪಿಸಿ) 370ನೇ ಸೆಕ್ಷನ್, ಮಾನವ ಸಾಗಾಣಿಕೆಯದು. 2013ರ ತಿದ್ದುಪಡಿಯ ಮೇಲೆ, ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದರೆ ಕನಿಷ್ಠ 10 ವರ್ಷ ಜೈಲು. "ಅವರೇ ಒಪ್ಪಿ ಬಂದ್ರು ಸ್ವಾಮಿ, ಹೆಬ್ಬೆಟ್ಟು ನೋಡಿ" ಅನ್ನೋ ಮಾತು ಅಲ್ಲಿ ನಡೆಯೋದಿಲ್ಲ. ಸಾಗಿಸಲ್ಪಟ್ಟವರ ಒಪ್ಪಿಗೆಗೆ ಬೆಲೆಯಿಲ್ಲ ಅಂತ ಆ ಸೆಕ್ಷನ್ನೇ ಹೇಳುತ್ತದೆ. ಕೋರ್ಟಿನ ಅಧ್ಯಾಯ ಪೂರ್ತಿ ನಿಂತಿರೋದು ಇದರ ಮೇಲೆ. (ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 143. ನನ್ನ ಕತೆ ನಡೆಯೋದು ಅದಕ್ಕೂ ಮುಂಚೆ.)

ಅವನಿಗೊಂದು ಬಾಲ್ಯ ಕೊಡಿ, ಸ್ವಲ್ಪ ಮರುಕ ಹುಟ್ಟಲಿ ಅಂದರು ಗೆಳೆಯರೊಬ್ಬರು. ಕೊಟ್ಟೆ. ಚಿಕ್ಕವನಿದ್ದಾಗ ಅವನೂ ಗೂಡಿನಲ್ಲಿ ಬೆಳೆದವನು. ಸಾಲಾಗಿ ಹಾಸಿದ ಹಸಿ ಇಟ್ಟಿಗೆ ಮೇಲೆ ನಡೆದು, ಒಂದೊಂದನ್ನೇ ಮಗ್ಗುಲು ಬದಲಿಸಿ ಒಣಗಿಸಿದವನು. ದೊಡ್ಡವರು ಕಾಲಿಟ್ಟರೆ ಇಟ್ಟಿಗೆ ಮುರಿಯುತ್ತೆ, ಮಕ್ಕಳ ಭಾರಕ್ಕೆ ಮುರಿಯಲ್ಲ ಅನ್ನೋದು ಅವನಿಗೆ ಅಲ್ಲೇ ಗೊತ್ತಾಗಿದ್ದು. ಅಲ್ಲಿ ಗಂಡ, ಹೆಂಡತಿ, ಒಂದು ಮಗು ಸೇರಿದರೆ ಒಂದು 'ಪಥುರಿಯಾ', ಅಂದರೆ ಕೆಲಸದ ಒಂದು ತಂಡ. ಆಗಷ್ಟೇ ಮದುವೆಯಾದ ಜೋಡಿ ಮುಂಗಡ ಕೇಳಿಕೊಂಡು ಬಂದಾಗ ಅವನು ದುಡ್ಡು ಎಣಿಸೋದನ್ನು ನಿಲ್ಲಿಸಿ, "ತಮ್ಮನೋ ತಂಗಿಯೋ ಯಾರಾದ್ರೂ ಚಿಕ್ಕವರು ಇದ್ದಾರಾ?" ಅಂತ ಕೇಳುತ್ತಾನೆ. ಈ ಸಾಲು ಓದಿದ ಮೇಲೆ ಗೆಳೆಯರು ಮರುಕದ ವಿಷಯ ಎತ್ತಲಿಲ್ಲ.