ಯಾವುದು ಇಂಕು, ಯಾವುದು ಕಟಿಂಗ್: ನನ್ನ ಎರಡು ಪದರದ ವಾಲ್‌ಪೇಪರ್

ಪ್ರಿಂಟ್ ಆದ ವಾಲ್‌ಪೇಪರಿಗೆ ಲೇಸರ್‌ನಲ್ಲಿ ಸುಮ್ನೆ ಒಂದಿಷ್ಟು ತೂತು ಹೊಡೆದರೆ ಹೊಸ ಡಿಸೈನ್ ಆಗುವುದಿಲ್ಲ. ಚಿತ್ರ ಬರೆಯುವಾಗಲೇ ಪ್ರತಿ ಗೆರೆಗೂ ನಾನು ಕೇಳಿಕೊಳ್ಳುವುದು ಇಷ್ಟೇ: ಇದು ಇಂಕಿನ ಕೆಲಸವೋ, ಲೇಸರ್ ಕೆಲಸವೋ?

ನಾನು ಮಾಡಿದ ಎಲೆಗಳ ಡಿಸೈನನ್ನೇ ತೆಗೆದುಕೊಳ್ಳಿ. ಕೆಳಗೆ ಗೋಡೆಗೆ ಅಂಟುವ ನಾನ್-ವೋವನ್ (ನೇಯದ ನಾರಿನ) ಪೇಪರ್, ಮೇಲೆ ತೆಳು ಪಾಲಿಯೆಸ್ಟರ್ ಫೆಲ್ಟ್, ಅಂದರೆ ನಾರನ್ನು ಒತ್ತಿ ಮಾಡಿದ ಬಟ್ಟೆ. ಎರಡರ ಮೇಲೂ ಪ್ರಿಂಟ್ ಇದೆ. ಫೆಲ್ಟ್‌ನಲ್ಲಿ ಎಲೆಯ ಸುತ್ತ ಕತ್ತರಿಸಿ, ತೊಟ್ಟಿನ ಹತ್ತಿರ ಮಾತ್ರ ಬಿಟ್ಟಿದ್ದೇನೆ. ಬೆರಳಿನಿಂದ ಎಬ್ಬಿಸಿದರೆ ಎಲೆ ಎದ್ದು ನಿಲ್ಲುತ್ತದೆ, ಕೆಳಗಿನ ಬಣ್ಣ ಇಣುಕುತ್ತದೆ. ಎಲೆಯ ನರಗಳು ಬರೀ ಪ್ರಿಂಟ್. ಅವನ್ನೂ ಕತ್ತರಿಸಿದರೆ ಎಲೆ ಜೋತು ಬೀಳುತ್ತದೆ.

ಮಜಾ ಇರುವುದು ನೆರಳಿನಲ್ಲಿ. ಕೆಲವು ಎಲೆಗಳನ್ನು ಕತ್ತರಿಸಿಯೇ ಇಲ್ಲ, ಪಕ್ಕದಲ್ಲಿ ನೆರಳನ್ನು ಪ್ರಿಂಟ್ ಮಾಡಿದ್ದೇನೆ. ಉಳಿದವು ನಿಜವಾಗಿ ಎದ್ದು ತಾವೇ ನೆರಳು ಚೆಲ್ಲುತ್ತವೆ. ಹತ್ತಿರ ಹೋಗುವ ತನಕ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ಕಿಟಕಿ ಯಾವ ಕಡೆ ಇದೆ ಅಂತ ಕೇಳುತ್ತೇನೆ. ಬೆಳಕು ಎಡದಿಂದ ಬರುವಾಗ ಪ್ರಿಂಟಿನ ನೆರಳೂ ಎಡಕ್ಕೇ ಬಿದ್ದರೆ ಗುಟ್ಟು ರಟ್ಟಾಯಿತು!

ಫೆಲ್ಟ್‌ಗೆ ನಾನು ಸಬ್ಲಿಮೇಶನ್ ಪ್ರಿಂಟ್ ಆರಿಸಿದ್ದಕ್ಕೂ ಎಲೆ ಎದ್ದಾಗ ತೊಟ್ಟಿನ ಹತ್ತಿರ ಬೀಳುವ ಮಡಿಕೆಯೇ ಕಾರಣ. ಯುವಿ ಇಂಕು (ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಇಂಕು) ಮೇಲ್ಮೈಯಲ್ಲಿ ಪೊರೆಯಾಗಿ ಕೂರುತ್ತದೆ, ಮಡಿಚಿದ ಜಾಗದಲ್ಲಿ ಬಿರುಕು ಬಿಡಬಹುದು. ಸಬ್ಲಿಮೇಶನ್‌ನಲ್ಲಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬಣ್ಣ ನಾರಿನೊಳಗೇ ಇಳಿಯುತ್ತದೆ. ಆದರೆ ಆ ಶಾಖಕ್ಕೆ ಫೆಲ್ಟ್ ಸ್ವಲ್ಪ ಕುಗ್ಗುತ್ತದೆ. ಅದಕ್ಕೇ ಮೊದಲು ಪ್ರಿಂಟ್, ಆಮೇಲೆ ಕಟಿಂಗ್. ಮೂಲೆಗಳಲ್ಲಿ ಪ್ರಿಂಟ್ ಆದ ಗುರುತುಗಳನ್ನು ಮೆಷಿನ್ನಿನ ಕ್ಯಾಮೆರಾ ಓದಿ, ಕುಗ್ಗಿದ ಅಳತೆಗೆ ತಕ್ಕಂತೆ ಕಟಿಂಗ್ ಗೆರೆಯನ್ನು ಸರಿಮಾಡಿಕೊಳ್ಳುತ್ತದೆ. ಆದರೂ ಬಣ್ಣವನ್ನು ಗೆರೆಯಿಂದ 2 ಮಿ.ಮೀ. ಆಚೆಗೇ ಹರಿಸುತ್ತೇನೆ. ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಎಳೆ ಕಾಣುತ್ತದೆ.

ಪಾಲಿಯೆಸ್ಟರ್ ಲೇಸರ್ ಶಾಖಕ್ಕೆ ಕರಗಿ ಅಂಚು ತಾನೇ ಮುಚ್ಚಿಕೊಳ್ಳುತ್ತದೆ, ಎಳೆ ಬಿಡುವುದಿಲ್ಲ. ಪೇಪರ್ ಹಾಗಲ್ಲ, ಸುಟ್ಟು ಕಂದಾಗುತ್ತದೆ. ಪವರ್ ಇಳಿಸಿ, ಸ್ಪೀಡ್ ಏರಿಸಿ, ಗಾಳಿ ಜೋರಾಗಿ ಬಿಟ್ಟರೆ ಕಪ್ಪು ಕಡಿಮೆ. ಹೊಗೆಯ ಕಲೆ ತಪ್ಪಿಸಲು ಪ್ರಿಂಟಿನ ಮೇಲೆ ಪೇಪರ್ ಟೇಪ್ ಹಚ್ಚಿಕೊಳ್ಳಬಹುದು. ಮಣ್ಣಿನ ಬಣ್ಣದ ಡಿಸೈನ್ ಆದರೆ ಆ ಕಂದು ಅಂಚನ್ನು ನಾನು ಬೇಕಂತಲೇ ಉಳಿಸಿಕೊಳ್ಳುತ್ತೇನೆ, ಚೆನ್ನಾಗಿಯೇ ಇರುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ವಿನೈಲ್, ಅಂದರೆ ಪಿವಿಸಿ ವಾಲ್‌ಪೇಪರನ್ನು ಲೇಸರ್‌ಗೆ ಇಡಲೇಬಾರದು. ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಕೆಟ್ಟದ್ದು, ಮೆಷಿನ್ನಿನ ಕಬ್ಬಿಣಕ್ಕೂ ತುಕ್ಕು. ಮಾಲಿನ ಬಗ್ಗೆ ಅನುಮಾನವಿದ್ದರೆ ಗಾಳಿಯಾಡುವ ಜಾಗದಲ್ಲಿ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ಮಾಲಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯುತ್ತೇನೆ. ಉರಿ ಹಸಿರಾದರೆ ಕ್ಲೋರಿನ್, ಅಂದರೆ ಪಿವಿಸಿ, ಇರಬಹುದು ಅಂತ ಲೆಕ್ಕ, ಆ ರೋಲು ವಾಪಸ್.

ಕೊನೆಗೆ ಅಂಟಿಸುವ ಕೆಲಸ. ಫೆಲ್ಟ್‌ಗೆ ಪೂರ್ತಿ ಗೋಂದು ಬಳಿದರೆ ಎಲೆಗಳೂ ಅಂಟಿಕೊಂಡು ಬಿಡುತ್ತವೆ. ಅದಕ್ಕೆ ಗೋಂದು ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ಕೆಳಗಿನ ಪೇಪರಿನ ಮೇಲೆ ತಿಳಿ ಬೂದು ಚುಕ್ಕೆ ಪ್ರಿಂಟ್ ಮಾಡಿಬಿಡುತ್ತೇನೆ. ಅಂಟಿಸುವವರು ಚುಕ್ಕೆ ನೋಡಿ ಗೋಂದು ಹಾಕಿದರೆ ಸಾಕು, ಆಮೇಲೆ ಅವು ಫೆಲ್ಟ್ ಅಡಿಯಲ್ಲಿ ಮುಚ್ಚಿಹೋಗುತ್ತವೆ.