ಮಣ್ಣಿನ ಬ್ಯಾಕ್ಟೀರಿಯಾವನ್ನು ಡಿಎನ್‌ಎ ಮೂಲಕ ಗುರುತಿಸುವುದು ಹೇಗೆ?

ತೋಟದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಯಾವುದೆಂದು ತಿಳಿಯಲು ಜೀವವಿಜ್ಞಾನಿಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು 16ಎಸ್ ಆರ್‌ಆರ್‌ಎನ್‌ಎ ವಂಶವಾಹಿಯನ್ನು. ಡಿಎನ್‌ಎ ಬರಹದ ಎ, ಟಿ, ಜಿ, ಸಿ ಎಂಬ ಅಕ್ಷರಗಳಲ್ಲಿ ಸುಮಾರು 1,500ರಷ್ಟು ಉದ್ದದ ಈ ವಂಶವಾಹಿ, ಪ್ರೋಟೀನ್ ತಯಾರಿಸುವ ರೈಬೊಸೋಮಿಗೆ ಸಂಬಂಧಿಸಿದ್ದಾದ್ದರಿಂದ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುತ್ತದೆ. ಅದರ ಕೆಲವು ಭಾಗಗಳು ಎಲ್ಲವುಗಳಲ್ಲೂ ಬಹುಮಟ್ಟಿಗೆ ಒಂದೇ ಆಗಿದ್ದು, ನಡುವಿನ ಒಂಬತ್ತು ಭಾಗಗಳು ಮಾತ್ರ ಜೀವಿಯಿಂದ ಜೀವಿಗೆ ಬದಲಾಗುತ್ತವೆ. ಇಂದು ಆರ್ಕಿಯಾ ಎನ್ನಲಾಗುವ ಪ್ರತ್ಯೇಕ ಜೀವವರ್ಗವನ್ನು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ಗುರುತಿಸಿದ್ದು ರೈಬೊಸೋಮಿನ ಆರ್‌ಎನ್‌ಎಯನ್ನು ಹೋಲಿಸಿಯೇ. ಪಿಸಿಆರ್ (ಡಿಎನ್‌ಎಯ ಒಂದು ಭಾಗವನ್ನು ಮತ್ತೆ ಮತ್ತೆ ನಕಲು ಮಾಡುವ) ಯಂತ್ರವಿರುವ ಕಾಲೇಜಿನ ಪ್ರಯೋಗಾಲಯದಲ್ಲಿ ಈ ಕೆಲಸವನ್ನು ಕಲಿಯಬಹುದು. ಡಿಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದುವ ಸೀಕ್ವೆನ್ಸಿಂಗ್ ಒಂದನ್ನು ಹೊರಗೆ ಕೊಟ್ಟು ಮಾಡಿಸಿದರಾಯಿತು.

ಮೊದಲು ಜೀವಿಯನ್ನು ಬೇರ್ಪಡಿಸಬೇಕು. 1 ಗ್ರಾಂ ಮಣ್ಣನ್ನು 9 ಮಿ.ಲೀ. ಸ್ಟೆರೈಲ್ ಸಲೈನ್‌ನಲ್ಲಿ (ಸೂಕ್ಷ್ಮಜೀವಿಗಳಿಲ್ಲದ ಉಪ್ಪುನೀರು) ಕದಡಿ, ಅದರಿಂದ 1 ಮಿ.ಲೀ. ತೆಗೆದು ಮತ್ತೆ 9 ಮಿ.ಲೀ.ಗೆ ಸೇರಿಸಿ, ಹೀಗೆ ಹತ್ತು ಹತ್ತು ಪಟ್ಟು ತೆಳುಗೊಳಿಸುತ್ತ ಐದಾರು ಕೊಳವೆಗಳವರೆಗೆ ಹೋಗಬೇಕು. ಕೊನೆಯ ಕೊಳವೆಗಳಿಂದ 0.1 ಮಿ.ಲೀ.ಯಷ್ಟನ್ನು ನ್ಯೂಟ್ರಿಯೆಂಟ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕಾಂಶದ ಜೆಲ್ಲಿ) ಪ್ಲೇಟಿನ ಮೇಲೆ ಹರಡಿ 28–30 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟರೆ ಬಿಡಿಬಿಡಿಯಾದ ಕಾಲನಿಗಳು, ಅಂದರೆ ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆಗಳು, ಮೂಡುತ್ತವೆ. ಮಣ್ಣಿನ ಬಹುಪಾಲು ಬ್ಯಾಕ್ಟೀರಿಯಾಗಳು ಪ್ಲೇಟಿನ ಮೇಲೆ ಬೆಳೆಯುವುದೇ ಇಲ್ಲ; ಅವನ್ನು ಅರಿಯಲು ಮಣ್ಣಿನಿಂದಲೇ ನೇರವಾಗಿ ಡಿಎನ್‌ಎ ತೆಗೆಯಬೇಕಾಗುತ್ತದೆ, ಕಲಿಯುವವರಿಗೆ ಅದು ಮುಂದಿನ ಪಾಠ. ಬೇಕಾದ ಕಾಲನಿಯನ್ನು ಹೊಸ ಪ್ಲೇಟಿಗೆ ಗೀರಿ, ಅಲ್ಲಿ ಬೆಳೆದುದನ್ನು ಮತ್ತೊಂದಕ್ಕೆ ಗೀರಿ ಶುದ್ಧಗೊಳಿಸುವ ಕೆಲಸ ಬೇಸರ ತರಿಸಬಹುದು, ಆದರೂ ಬಿಡುವಂತಿಲ್ಲ. ಬೆಳೆದದ್ದು ಏನೆಂದು ಗೊತ್ತಿಲ್ಲದ ಕಾರಣ ಪ್ಲೇಟನ್ನು ತೆರೆದು ಮೂಸಬಾರದು. 121 ಡಿಗ್ರಿಯಲ್ಲಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಜೀವಿಗಳನ್ನು ಕೊಲ್ಲುವುದು) ಮಾಡದೆ ಎಸೆಯಲೂಬಾರದು.

ಡಿಎನ್‌ಎ ತೆಗೆಯಲು ಕಿಟ್‌ಗಳು ಸಿಗುತ್ತವೆ. ಕಾಲನಿಯನ್ನು ನೀರಿನಲ್ಲಿ ಕುದಿಸಿದರೂ ಅನೇಕ ಬ್ಯಾಕ್ಟೀರಿಯಾಗಳಿಗೆ ಸಾಕಾಗುತ್ತದೆ, ಆದರೆ ಬ್ಯಾಸಿಲಸ್‌ನಂತಹ ದಪ್ಪ ಕೋಶಭಿತ್ತಿಯವುಗಳಿಗೆ ಕೋಶಭಿತ್ತಿ ಒಡೆಯುವ ಲೈಸೊಜೈಮ್ ಕಿಣ್ವ ಬಳಸುವುದು ಒಳ್ಳೆಯದು.

ನಂತರದ್ದು ಪಿಸಿಆರ್. 27ಎಫ್ ಮತ್ತು 1492ಆರ್ ಎಂಬ ಎರಡು ಪ್ರೈಮರ್‌ಗಳು (ಡಿಎನ್‌ಎಯ ಪುಟ್ಟ ತುಣುಕುಗಳು) ವಂಶವಾಹಿಯ ಎರಡೂ ತುದಿಗಳಲ್ಲಿ ಅಂಟಿಕೊಂಡು ನಡುವಿನ ಭಾಗವನ್ನು ನಕಲು ಮಾಡಿಸುತ್ತವೆ: 95 ಡಿಗ್ರಿಯಲ್ಲಿ ಎಳೆಗಳು ಬೇರ್ಪಡುತ್ತವೆ, 55ರ ಆಸುಪಾಸಿನಲ್ಲಿ ಪ್ರೈಮರ್ ಕೂರುತ್ತದೆ, 72ರಲ್ಲಿ ಟ್ಯಾಕ್ ಕಿಣ್ವ ಹೊಸ ಎಳೆ ಹೆಣೆಯುತ್ತದೆ, ಇಂತಹ ಮೂವತ್ತು ಸುತ್ತುಗಳು ಸಾಕು. (ಟ್ಯಾಕ್ ಕೂಡ ಬ್ಯಾಕ್ಟೀರಿಯಾದ್ದೇ, ಅದರ ಮೂಲ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಥರ್ಮಸ್ ಅಕ್ವಾಟಿಕಸ್.) ಡಿಎನ್‌ಎ ಹಾಕದ ಒಂದು ಕೊಳವೆಯನ್ನು ಪ್ರತಿ ಸಲವೂ ಜೊತೆಗಿಡಬೇಕು. ಡಿಎನ್‌ಎ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಶೇ 1ರ ಅಗರೋಸ್ ಜೆಲ್‌ನಲ್ಲಿ ಓಡಿಸಿದಾಗ ಆ ಖಾಲಿ ಕೊಳವೆಯ ಸಾಲಿನಲ್ಲೂ 1,500ರ ಬಳಿ ಬ್ಯಾಂಡ್ ಕಂಡರೆ ಎಲ್ಲೋ ಹೊರಗಿನ ಡಿಎನ್‌ಎ ಸೇರಿದೆಯೆಂದೇ ಅರ್ಥ. ಆ ಸುತ್ತಿನ ಫಲಿತಾಂಶವನ್ನು ಪೂರ್ತಿ ಕೈಬಿಡಬೇಕು.

ಸ್ಯಾಂಗರ್ ವಿಧಾನದ ಸೀಕ್ವೆನ್ಸಿಂಗ್ ಒಂದು ಓದಿನಲ್ಲಿ 700ರಿಂದ 900 ಅಕ್ಷರಗಳನ್ನು ಚೆನ್ನಾಗಿ ಕೊಡುವುದರಿಂದ ಎರಡೂ ದಿಕ್ಕಿನಿಂದ ಓದಿಸಿ ಜೋಡಿಸಬೇಕು. ಫೈಲ್ ಕೈಗೆ ಬಂದೊಡನೆ ಅಕ್ಷರಗಳಿಗಿಂತ ಮೊದಲು ಒಂದೊಂದು ಅಕ್ಷರಕ್ಕೆ ಒಂದೊಂದರಂತೆ ನಾಲ್ಕು ಬಣ್ಣದ ಶಿಖರಗಳ ಗ್ರಾಫನ್ನು ನೋಡಬೇಕು. ಶುರುವಿನ ಮೂವತ್ತು ನಲವತ್ತು ಅಕ್ಷರಗಳು ಕಲಸಿಹೋಗಿರುವುದು, ಕೊನೆಯಲ್ಲಿ ಶಿಖರಗಳು ತಗ್ಗಿ ಅಗಲವಾಗುವುದು ಸಹಜ. ಆ ತುದಿಗಳನ್ನು ಕತ್ತರಿಸಬೇಕು. ಉದ್ದಕ್ಕೂ ಒಂದೇ ಜಾಗದಲ್ಲಿ ಎರಡು ಬಣ್ಣದ ಶಿಖರಗಳು ಎದ್ದಿದ್ದರೆ ಕಾಲನಿ ಶುದ್ಧವಾಗಿರಲಿಲ್ಲವೆಂದು ಶಂಕಿಸಿ ಪ್ಲೇಟಿಗೇ ಮರಳಬೇಕಾಗುತ್ತದೆ.

ಉಳಿದ ಅಕ್ಷರಗಳನ್ನು ಎನ್‌ಸಿಬಿಐ (ಅಮೆರಿಕದ ಸರ್ಕಾರಿ ಜೈವಿಕ ಮಾಹಿತಿ ಕೇಂದ್ರ) ತಾಣದ ಬ್ಲಾಸ್ಟ್ ಎಂಬ ಹೋಲಿಕೆಯ ತಂತ್ರಾಂಶಕ್ಕೆ ಕೊಟ್ಟರೆ ಹೋಲುವ ಜೀವಿಗಳ ಪಟ್ಟಿ ಕ್ಷಣದಲ್ಲಿ ಬರುತ್ತದೆ, ಹೆಚ್ಚಿನವರು ಎಡವುವುದೂ ಇಲ್ಲಿಯೇ. ಪಟ್ಟಿಯ ಮೊದಲ ಹೆಸರೇ ನಮ್ಮ ಬ್ಯಾಕ್ಟೀರಿಯಾದ ಹೆಸರೆಂದು ಬರೆದುಬಿಡುವ ಅಭ್ಯಾಸ ತಪ್ಪು. ಯಾರೋ ಅಂದಾಜಿನಿಂದ ಹೆಸರಿಟ್ಟು ಸಲ್ಲಿಸಿದ ದಾಖಲೆಗಳೂ ಅಲ್ಲಿರುವುದರಿಂದ, ಮಾದರಿ ತಳಿಗಳ (ಪ್ರಭೇದದ ಹೆಸರಿಗೆ ಅಧಿಕೃತ ಆಧಾರವಾದ ತಳಿಗಳ) 16ಎಸ್ ಸಂಗ್ರಹವನ್ನೇ ಆಯ್ದುಕೊಂಡು ಹುಡುಕುವುದು ಮೇಲು. ಹೋಲಿಕೆ ಸುಮಾರು ಶೇ 98.7ಕ್ಕಿಂತ ಕಡಿಮೆಯಿದ್ದರೆ ಅದು ಬೇರೆ ಪ್ರಭೇದವಿರಬಹುದು. ಹೆಚ್ಚಿದ್ದರೆ ಅದೇ ಪ್ರಭೇದವೆಂದು ಮಾತ್ರ ಹೇಳಲಾಗದು: ಊಟವನ್ನು ಕೆಡಿಸುವ ಬ್ಯಾಸಿಲಸ್ ಸಿರಿಯಸ್, ಆಂಥ್ರಾಕ್ಸ್ ತರುವ ಬ್ಯಾಸಿಲಸ್ ಆಂಥ್ರಾಸಿಸ್ ಮತ್ತು ರೈತರಿಗೆ ಬಿಟಿ ಎಂದು ಪರಿಚಿತವಾದ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಈ ಮೂರರ 16ಎಸ್ ಹೆಚ್ಚುಕಡಿಮೆ ಒಂದೇ. ಇಂತಹ ಫಲಿತಾಂಶ ಬಂದಾಗ ‘ಸಿರಿಯಸ್ ಗುಂಪು’ ಎಂದಷ್ಟೇ ಬರೆದು, ಹೋಲಿಕೆಯ ಶೇಕಡಾವಾರು, ಹೋಲಿಸಿದ ಅಕ್ಷರಗಳ ಸಂಖ್ಯೆ ಮತ್ತು ಹುಡುಕಿದ ದಿನಾಂಕವನ್ನು ಜೊತೆಗೆ ನಮೂದಿಸಬೇಕು. ಇನ್ನೂ ಖಚಿತವಾಗಿ ಬೇರ್ಪಡಿಸಬೇಕಿದ್ದರೆ ಇಡೀ ಜೀನೋಮನ್ನೇ ಓದಿಸಬೇಕು, ಇಲ್ಲವೇ ಬಿಟಿ ಬೀಜಾಣುಗಳ ಜೊತೆಗೆ ಕಟ್ಟುವ ಪ್ರೋಟೀನ್ ಹರಳುಗಳು ಇವೆಯೇ ಎಂದು ಪರೀಕ್ಷಿಸಬೇಕು.