ಮಾಗಿದ ಚರ್ಮದ ಆರೈಕೆ: ಬಚ್ಚಲಿನಿಂದ ಶುರು ಮಾಡಿ

ಹಿರಿಯರು ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಿದ್ದರೆ ಮನೆಯವರಿಗೆ ಮೊದಲು ಬರುವ ಅನುಮಾನ ‘ಸರಿಯಾಗಿ ಸ್ನಾನ ಆಗಿಲ್ಲ’ ಎಂಬುದು. ಮರುದಿನ ನೀರು ಇನ್ನಷ್ಟು ಬಿಸಿಯಾಗುತ್ತದೆ, ಸೋಪು ಎರಡು ಸುತ್ತು ಹೆಚ್ಚುತ್ತದೆ, ಬಕೆಟ್ಟಿಗೆ ಒಂದಿಷ್ಟು ಸೋಂಕುನಿವಾರಕ ದ್ರಾವಣವೂ ಬೀಳುತ್ತದೆ. ಸಂಜೆಯ ಹೊತ್ತಿಗೆ ತುರಿಕೆ ಮೊದಲಿಗಿಂತ ಜೋರು. ವಯಸ್ಸಾದವರ ಚರ್ಮದ ತೊಂದರೆಗಳಲ್ಲಿ ಎಷ್ಟೋ ಪಾಲು ಹೀಗೆ ನಮ್ಮ ಕಾಳಜಿಯಿಂದಲೇ ಹುಟ್ಟುತ್ತವೆ.

ವಯಸ್ಸಾದಂತೆ ಚರ್ಮದ ಎಣ್ಣೆ ಗ್ರಂಥಿ, ಬೆವರು ಗ್ರಂಥಿಗಳ ಕೆಲಸ ಇಳಿಯುತ್ತದೆ. ಚರ್ಮ ತೆಳುವಾಗುತ್ತದೆ, ಅಡಿಯ ಕೊಬ್ಬು ಕರಗುತ್ತದೆ. ಮೇಲ್ಪದರವನ್ನು ಒಳಪದರಕ್ಕೆ ಹಿಡಿದಿಡುವ ಏರುತಗ್ಗುಗಳು ಸಪಾಟಾಗುವುದರಿಂದ ಮಂಚದ ಅಂಚು ಸವರಿದರೂ ಸಿಪ್ಪೆಯಂತೆ ಕಿತ್ತುಬರುತ್ತದೆ. ಆರೋಗ್ಯವಂತ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5ರ ಆಸುಪಾಸು, ಅಂದರೆ ತುಸು ಆಮ್ಲೀಯ. ಸಾಮಾನ್ಯ ಸೋಪಿನದು 9–10, ಅಂದರೆ ಕ್ಷಾರೀಯ. ಹರೆಯದ ಚರ್ಮ ಈ ಪೆಟ್ಟಿನಿಂದ ಬೇಗ ಸುಧಾರಿಸಿಕೊಳ್ಳುತ್ತದೆ. ಎಂಬತ್ತರ ಚರ್ಮಕ್ಕೆ ಆ ತ್ರಾಣವಿಲ್ಲ.

ಹೆಜ್ಜೆ 1: ಸ್ನಾನ ತಿದ್ದಿ

ನೀರು ಉಗುರುಬೆಚ್ಚಗಿರಲಿ. ಮೈಗೆ ಹಾಕುವ ಮುನ್ನ ನೋಡಿಕೊಳ್ಳುವವರು ತಮ್ಮ ಮೊಣಕೈ ಅದ್ದಿ ನೋಡಲಿ. ಮಧುಮೇಹದಿಂದ ಪಾದದ ಸ್ಪರ್ಶ ಮಂದವಾದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ಐದರಿಂದ ಹತ್ತು ನಿಮಿಷದಲ್ಲಿ ಸ್ನಾನ ಮುಗಿಯಲಿ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು. ಕೈಕಾಲು, ಬೆನ್ನಿಗೆ ಬರೀ ನೀರು. ಪರಿಮಳವಿಲ್ಲದ ಮೃದು ಕ್ಲೆನ್ಸರ್ ಸಿಕ್ಕರೆ ಇನ್ನೂ ಒಳ್ಳೆಯದು. ಉಜ್ಜುವ ಕಲ್ಲು, ಒರಟು ನಾರು ಬೇಡವೇ ಬೇಡ. ದಿನಾ ಪೂರ್ತಿ ಸ್ನಾನ ಮಾಡಿಸಲೇಬೇಕೆಂಬ ಹಟವೂ ಬೇಡ. ಮೈ ತೀರಾ ಒಣಗಿದವರಿಗೆ ದಿನ ಬಿಟ್ಟು ದಿನ ಸ್ನಾನ ಮಾಡಿಸಿ, ನಡುವಿನ ದಿನ ಬೇಕಾದ ಕಡೆ ಒರೆಸಿದರೆ ಏನೂ ಕೊರತೆಯಾಗದು. ಇದನ್ನು ಹಿರಿಯರಿಗೆ ಒಪ್ಪಿಸುವುದೇ ಕಷ್ಟದ ಕೆಲಸ, ಗೊತ್ತು.

ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ. ಬೆರಳ ಸಂದು, ಸ್ತನದ ಕೆಳಗೆ, ಹೊಟ್ಟೆಯ ಮಡಿಕೆ ಪೂರ್ತಿ ಒಣಗಲಿ. ತೇವ ಉಳಿದಲ್ಲಿ ಶಿಲೀಂಧ್ರ ಬೇರೂರುತ್ತದೆ.

ಹೆಜ್ಜೆ 2: ಪಸೆ ಆರುವ ಮುನ್ನ ಮಾಯಿಶ್ಚರೈಸರ್

ಸ್ನಾನ ಮುಗಿದ ಮೂರು ನಿಮಿಷದೊಳಗೆ, ಚರ್ಮ ಇನ್ನೂ ಹಸಿಯಾಗಿರುವಾಗಲೇ ಹಚ್ಚಿ. ಲೇಪ ಒಳಗಿನ ನೀರಿಗೆ ಮುಚ್ಚಳ ಇದ್ದಂತೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಮುಚ್ಚಿಡಲು ಹೆಚ್ಚೇನೂ ಉಳಿದಿರುವುದಿಲ್ಲ. ತೆಳು ಲೋಷನ್ನಿಗಿಂತ ದಪ್ಪ ಕ್ರೀಮು, ಅದಕ್ಕಿಂತ ಪೆಟ್ರೋಲಿಯಂ ಜೆಲ್ಲಿ ಹೆಚ್ಚು ಹೊತ್ತು ತೇವ ಹಿಡಿದಿಡುತ್ತವೆ. ಗ್ಲಿಸರಿನ್ ಇರುವ ಕ್ರೀಮು ಮೈಗೆ, ಯೂರಿಯಾ ಇರುವುದು ಒರಟು ಹಿಮ್ಮಡಿಗೆ ಚೆನ್ನ. ಬಿರುಕಿನ ಗಾಯ ತೆರೆದಿದ್ದರೆ ಯೂರಿಯಾ ಉರಿಯುತ್ತದೆ, ಜೋಕೆ. ಕೂದಲು ಬೆಳೆದ ದಿಕ್ಕಿಗೇ ಸವರಿ, ದಿನಕ್ಕೆ ಎರಡು ಸಲ. ದುಬಾರಿ ಡಬ್ಬಿಯ ಸುವಾಸನೆಗೆ ಮರುಳಾಗಬೇಡಿ, ಕೆಲವರಿಗೆ ಅಲರ್ಜಿ ತರುವುದು ಆ ಸುವಾಸನೆಯೇ.

ಎರಡು ಎಚ್ಚರಿಕೆಗಳನ್ನು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದಿಲ್ಲ. ಅಂಗಾಲಿಗೆ ಹಚ್ಚಿದ ಕೂಡಲೇ ನಡೆದರೆ ಜಾರುವುದು ಖಂಡಿತ. ಕಾಲುಚೀಲ ಹಾಕಿಸಿ ಅಥವಾ ಮಲಗುವಾಗ ಹಚ್ಚಿ. ಇನ್ನೊಂದು, ಜಿಡ್ಡು ಹೀರಿದ ಬಟ್ಟೆ, ಹೊದಿಕೆಗಳು ಕಿಡಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತವೆ. ಬೀಡಿ, ಸಿಗರೇಟು, ಬೆಂಕಿಯಿಂದ ದೂರವಿಡಿ.

ಹೆಜ್ಜೆ 3: ತುರಿಕೆ ನಿಲ್ಲದಿದ್ದರೆ

ಎರಡು ವಾರ ಇಷ್ಟು ಮಾಡಿಯೂ ತುರಿಕೆ ತಗ್ಗದಿದ್ದರೆ ಬರೀ ಒಣ ಚರ್ಮ ಎಂದು ಸುಮ್ಮನಿರಬೇಡಿ. ಮೂತ್ರಪಿಂಡ, ಯಕೃತ್ತು, ಥೈರಾಯ್ಡ್ ತೊಂದರೆ, ಕಬ್ಬಿಣಾಂಶದ ಕೊರತೆ, ಹೊಸದಾಗಿ ಶುರುವಾದ ಮಾತ್ರೆ, ಎಲ್ಲವೂ ತುರಿಕೆಯ ವೇಷದಲ್ಲಿ ಬರಬಲ್ಲವು. ರಾತ್ರಿ ಹೆಚ್ಚಾಗುವ ತುರಿಕೆ, ಬೆರಳ ಸಂದು, ಮಣಿಕಟ್ಟಿನಲ್ಲಿ ಗುಳ್ಳೆ, ಮನೆಯ ಇನ್ನೊಬ್ಬರಿಗೂ ಕೆರೆತ ಎಂದರೆ ಕಜ್ಜಿಯ ಶಂಕೆ. ಅದಕ್ಕೆ ಮನೆಯವರೆಲ್ಲ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು. ಇಲ್ಲದಿದ್ದರೆ ಅದು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಔಷಧದಂಗಡಿಯಿಂದ ಕೇಳಿ ತರುವ ‘ಎಲ್ಲದಕ್ಕೂ ಒಂದೇ’ ಮುಲಾಮಿನಲ್ಲಿ ಬಲವಾದ ಸ್ಟೆರಾಯ್ಡ್ ಇರಬಹುದು. ಎರಡು ದಿನ ಹಾಯೆನಿಸುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ, ಮೊದಲೇ ತೆಳುವಾದ ಚರ್ಮ ಇನ್ನಷ್ಟು ಸವೆಯುತ್ತದೆ. ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆಗಳನ್ನೂ ನೀವಾಗಿ ಕೊಡಬೇಡಿ. ಹಿರಿಯರಲ್ಲಿ ಅವು ಗಲಿಬಿಲಿ, ಮೂತ್ರ ಕಟ್ಟುವುದು, ಬೀಳುವುದು ಇಂಥವಕ್ಕೆ ದಾರಿ.

ಹೆಜ್ಜೆ 4: ಹಾಸಿಗೆ ಹಿಡಿದವರಿಗೆ

ಇಲ್ಲಿ ಮಾತ್ರ ಗಡಿಯಾರ ನೋಡಿಯೇ ಕೆಲಸ. ಮಲಗಿದವರ ಮಗ್ಗುಲನ್ನು ಸುಮಾರು ಎರಡು ಗಂಟೆಗೊಮ್ಮೆ ಬದಲಿಸಿ. ಪೂರ್ತಿ ಪಕ್ಕಕ್ಕೆ ಹೊರಳಿಸದೆ, ಬೆನ್ನಿಗೆ ದಿಂಬು ಕೊಟ್ಟು ಮೂವತ್ತು ಡಿಗ್ರಿಯಷ್ಟು ವಾಲಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ಎಳೆದು ಸರಿಸಬೇಡಿ, ಹಾಸುಬಟ್ಟೆ ಹಿಡಿದು ಇಬ್ಬರು ಎತ್ತಿ.

ದಿನಕ್ಕೊಮ್ಮೆ ಬೆನ್ನಿನ ಬುಡ, ಸೊಂಟ, ಹಿಮ್ಮಡಿ, ಭುಜದ ಹಲಗೆ, ತಲೆಯ ಹಿಂಬದಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಹಾಸಿಗೆ ಹುಣ್ಣಿನ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು. ಸುತ್ತಲಿನದಕ್ಕಿಂತ ಬಿಸಿ, ಗಟ್ಟಿ, ಬಣ್ಣ ಬೇರೆ ಎನಿಸಿದರೆ ಅದೇ ಸೂಚನೆ. ಆ ಜಾಗವನ್ನು ತಿಕ್ಕುವ ರೂಢಿ ಬಿಡಿ, ಒಳಗಿನ ರಕ್ತನಾಳಗಳಿಗೆ ಇನ್ನಷ್ಟು ಘಾಸಿಯಾಗುತ್ತದೆ. ನಡುವೆ ತೂತಿರುವ ಉಂಗುರದಂಥ ಕುಶನ್ನೂ ಒಳ್ಳೆಯದಲ್ಲ, ಅದರ ಅಂಚೇ ರಕ್ತ ಸಂಚಾರ ತಡೆಯುತ್ತದೆ. ಡಯಾಪರ್ ಒದ್ದೆಯಾದ ಕೂಡಲೇ ಬದಲಿಸಿ, ಒರೆಸಿ, ಝಿಂಕ್ ಆಕ್ಸೈಡ್ ಲೇಪ ತೆಳ್ಳಗೆ ಹಚ್ಚಿ.

ಹೆಜ್ಜೆ 5: ಚರ್ಮ ಕಿತ್ತುಬಂದರೆ

ಶುದ್ಧ ನೀರಿನಿಂದ ತೊಳೆದು, ರಕ್ತ ನಿಲ್ಲುವ ತನಕ ಮೆಲ್ಲಗೆ ಒತ್ತಿ ಹಿಡಿಯಿರಿ. ಎದ್ದ ಪದರವನ್ನು ಕತ್ತರಿಸಬೇಡಿ. ಒದ್ದೆ ಹತ್ತಿಕಡ್ಡಿಯಿಂದ ಮೆತ್ತಗೆ ಅದರ ಜಾಗಕ್ಕೇ ಹೊದಿಸಿ, ಅಂಟದ ಪಟ್ಟಿ ಇಟ್ಟು ಬ್ಯಾಂಡೇಜು ಸುತ್ತಿ. ಅಂಟುವ ಟೇಪು ಹಾಕಿದರೆ ಬಿಚ್ಚುವಾಗ ಇನ್ನೊಂದು ಗಾಯ.

ತಡಮಾಡದೆ ವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳಿವೆ. ಮೈಯ ಒಂದೇ ಬದಿಗೆ ಪಟ್ಟಿಯಂತೆ ಉರಿ, ಮೇಲೆ ನೀರ್ಗುಳ್ಳೆ ಎಂದರೆ ಸರ್ಪಸುತ್ತು ಇರಬಹುದು. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಗುಣ ಹೆಚ್ಚು. ಕಣ್ಣಿನ ಹತ್ತಿರ ಎದ್ದರೆ ಅಂದೇ ಹೊರಡಿ. ಇದಕ್ಕೆ ಲಸಿಕೆಯೂ ಇದೆ, 50 ದಾಟಿದವರು ವೈದ್ಯರನ್ನು ಕೇಳಬಹುದು. ಕಾಲು ಕೆಂಪಾಗಿ ಊದಿ ಜ್ವರ ಬಂದರೆ, ಮೈಮೇಲೆ ದೊಡ್ಡ ಬಿಗಿ ಗುಳ್ಳೆಗಳೆದ್ದರೆ, ಮಧುಮೇಹಿಯ ಪಾದದಲ್ಲಿ ಚಿಕ್ಕ ಗಾಯ ಕಂಡರೂ ಕಾಯಬೇಡಿ. ನಾಲ್ಕು ವಾರವಾದರೂ ಮಾಯದ ಹುಣ್ಣು, ಆಕಾರ ಬದಲಿಸುತ್ತಿರುವ ಮಚ್ಚೆ ಇದ್ದರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಹೊರಡುವಾಗ ಹಿರಿಯರು ನುಂಗುವ ಎಲ್ಲ ಮಾತ್ರೆಗಳನ್ನೂ, ಹಚ್ಚುತ್ತಿದ್ದ ಮುಲಾಮಿನ ಟ್ಯೂಬನ್ನೂ ಚೀಲಕ್ಕೆ ಹಾಕಿಕೊಳ್ಳಿ.